ಮುನ್ನೂರು ರೂಪಾಯಿಯ ಕುರ್ತಾ ಯಾರಿಗೆ ಅಗ್ಗ?

(ತೆಂಗಳಿಯಲ್ಲಿ ಈಚೆಗೆ ಸೇರಿದ ಸಭೆಯಲ್ಲಿ ಪಕ್ಷದ ಸಂಘಟಕರು ಮಾಡಿದ ಭಾಷಣದ ಪಾಠ)

ತೆಂಗಳಿಯ ತಾಯಂದಿರೆ, ಅಕ್ಕತಂಗಿಯರೆ, ಸಿಮೆಂಟು ಕಾರ್ಖಾನೆಗಳಲ್ಲೂ ದಾಲ್ ಮಿಲ್ಲುಗಳಲ್ಲೂ ದುಡಿಯುವ ಸಂಗಾತಿಗಳೆ, ಚಿತ್ತಾಪುರ, ವಾಡಿ, ಶಹಾಬಾದಗಳಿಂದ ಬಂದಿರುವ ಅಂಗಡಿಕಾರ ಬಂಧುಗಳೆ,

ಇಂದು ಯಾವ ವಿಷಯದ ಮೇಲೆ ಮಾತನಾಡುತ್ತೀರಿ ಎಂದು ಸಭೆಗೆ ಮುಂಚೆ ಕೆಲವರು ಕೇಳಿದರು. ಹೆಣ್ಣುಮಕ್ಕಳು ಫೋನಿನಲ್ಲಿ ಬಟ್ಟೆ ತರಿಸುವ ವಿಷಯ ಎಂದೆ. ಅವರು ನಕ್ಕರು. ತೊಗರಿಯ ಬೆಲೆ ಇದೆ, ಗುತ್ತಿಗೆ ಕೂಲಿಯ ಪ್ರಶ್ನೆ ಇದೆ, ಇವೆಲ್ಲವನ್ನೂ ಬಿಟ್ಟು ಸಮಾಜವಾದಿಗಳ ವೇದಿಕೆಯ ಮೇಲೆ ಕುರ್ತಾ ಲೆಗ್ಗಿಂಗುಗಳ ಮಾತೇ ಎಂದರು. ನಾನೂ ಮೊದಲು ಹಾಗೆಯೇ ಎಣಿಸಿದ್ದೆ. ಆದರೆ ಒಂದೇ ವಾರದಲ್ಲಿ ಮೂವರಿಂದ ಕೇಳಿದ ಮೂರು ಮಾತುಗಳು ನನ್ನ ಎಣಿಕೆಯನ್ನು ಬದಲಿಸಿದವು. ಅವನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು ಒಬ್ಬ ಬಟ್ಟೆ ವ್ಯಾಪಾರಿಯ ಮಾತು. “ಮಾಸ್ತರ, ಪೋರಿಗೋಳು ಎಲ್ಲಾ ಫೋನಿನ್ಯಾಗೇ ಬಟ್ಟಿ ತರಸ್ತಾವ. ಪಂಚಮಿಗಿ ಸೈತ ಗಿರಾಕಿ ಇಲ್ಲ. ನಾವು ದುಕಾನ ಮುಚ್ಚೂದೊಂದೇ ಬಾಕಿ” ಎಂದರು. ಎರಡನೆಯದು ಕಾರ್ಖಾನೆಯಲ್ಲಿ ಗುತ್ತಿಗೆಯ ಮೇಲೆ ದುಡಿಯುವ ಒಬ್ಬ ತಂದೆಯದು. “ಮಗಳು ಷೋಕಿ ಕಲ್ತಾಳ್ರಿ. ತಿಂಗಳಾ ಒಂದು ಪಾರ್ಸಲ್ ಬರ್ತದ” ಎಂದರು. ಮೂರನೆಯದು ಆ ಮಗಳದೇ. ಹಿಂದೆ ನನ್ನ ಶಾಲೆಯಲ್ಲಿ ಓದಿದ ಹುಡುಗಿ. ನೀಲಿ ಕುರ್ತಾ ತೋರಿಸಿ, “ಮುನ್ನೂರ ರೂಪಾಯಿಗಿ ಬಂತ್ರಿ ಸರ್, ಮನಿ ಬಾಗಿಲಿಗೇ ಬಂತು” ಎಂದಳು. ಪೇಟೆಗೆ ಹೋಗಿ ಕೈಯಲ್ಲಿ ಮುಟ್ಟಿ ನೋಡಿ ತರಬಹುದಿತ್ತಲ್ಲವೇ ತಾಯಿ, ಬಸ್ಸೂ ನಿಮಗೆ ಪುಕ್ಕಟೆ ಇದೆ, ಎಂದು ಕೇಳಿದೆ. ಅವಳು ತಲೆ ತಗ್ಗಿಸಿ ಹೇಳಿದಳು: “ದುಕಾನದಾಗ ಮೊದಲಾ ‘ಯಾರ ಪೈಕಿ ನೀವು’ ಅಂತಾರ್ರಿ ಸರ್. ಫೋನು ಹಂಗ ಕೇಳಂಗಿಲ್ಲ.”

ಬಂಧುಗಳೆ, ಈ ಮಾತನ್ನು ಕೇಳಿದ ಮೇಲೆ ಇದು ಕುರ್ತಾದ ಪ್ರಶ್ನೆಯೊಂದೇ ಅಲ್ಲವೆಂದು ನನಗೆ ಮನವರಿಕೆಯಾಯಿತು.

ಷೋಕಿಯ ಮಾತು

ಮೊದಲು ತಂದೆಯವರಿಗೆ ಉತ್ತರ ಹೇಳುತ್ತೇನೆ. ಹೊಸ ನಮೂನೆಯ ಬಟ್ಟೆ ಬೇಕೆನ್ನುವುದು ಈ ಫೋನು ಬಂದ ಮೇಲೆ ಹುಟ್ಟಿದ ಆಸೆಯಲ್ಲ. ನಮ್ಮ ಅವ್ವಂದಿರು ಇಳಕಲ್ಲ ಸೀರೆಯ ದಡಿ ಯಾವ ನಮೂನೆಯದು, ಗುಳೇದಗುಡ್ಡದ ಖಣದ ಬಣ್ಣ ಯಾವುದು ಎಂದು ಜಾತ್ರೆಯಿಂದ ಜಾತ್ರೆಗೆ ನೋಡುತ್ತಿದ್ದರು. ಪಂಚಮಿಗೆ ತವರಿಗೆ ಬಂದ ಮಗಳು ಓರಗೆಯವಳ ಕುಪ್ಪಸದ ತೋಳನ್ನು ನೋಡಿ, ತನಗೂ ಅಂಥದ್ದೇ ಹೊಲಿಸಬೇಕೆಂದು ಹಟ ಹಿಡಿಯುತ್ತಿದ್ದಳು. ಅದನ್ನು ಆಗ ಯಾರೂ ಷೋಕಿ ಎನ್ನಲಿಲ್ಲ. ದುಡಿಯುವವರ ಮಗಳು ಒಂದು ಒಳ್ಳೆಯ ಬಟ್ಟೆ ಉಟ್ಟು ನಾಲ್ಕು ಜನರ ನಡುವೆ ತಲೆಯೆತ್ತಿ ನಡೆಯಬೇಕೆಂದು ಬಯಸಿದರೆ, ಅದು ಅವಳ ಹಕ್ಕು. ಉಳ್ಳವರ ಮಕ್ಕಳು ಬಯಸಿದರೆ ಅಭಿರುಚಿ, ಇಲ್ಲದವರ ಮಕ್ಕಳು ಬಯಸಿದರೆ ದುಂದು ಎಂಬ ನ್ಯಾಯವನ್ನು ಸಮಾಜವಾದಿಗಳು ಒಪ್ಪಲಾರರು.

ಇನ್ನೊಂದು ಸಂಗತಿ. ಹೆಣ್ಣುಮಗಳಿಗೆ ಬಟ್ಟೆ ಬೇಕಾದರೆ ಅಪ್ಪನನ್ನೋ ಗಂಡನನ್ನೋ ಕೇಳಬೇಕು, ಅವರು ಸಂತೆಗೆ ಹೋದಾಗ ತಮ್ಮ ಮನಸ್ಸಿಗೆ ಬಂದದ್ದನ್ನು ತರಬೇಕು, ಇವಳು ಅದನ್ನು ಉಡಬೇಕು. ಬಹುಕಾಲ ನಡೆದುಬಂದ ಪದ್ಧತಿ ಇದು. ಇಂದು 2023ರಿಂದ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಮನೆಯ ಯಜಮಾನಿಯ ಖಾತೆಗೆ ಬರುತ್ತಿದೆ. ಸಂಘದ ಉಳಿತಾಯವಿದೆ, ಹೊಲದ ಕೂಲಿಯಿದೆ. ತನ್ನ ಕೈಯಲ್ಲಿ ಹಣ ಹಿಡಿದು, ತನ್ನ ಕಣ್ಣಿಂದ ಆರಿಸಿ, ತನಗೆ ಬೇಕಾದ ಬಟ್ಟೆಯನ್ನು ತಾನೇ ಕೊಳ್ಳುವುದು ಅವಳಿಗೆ ಹೊಸ ಸ್ವಾತಂತ್ರ್ಯ. ಅದನ್ನು ಕಸಿಯುವ ಮಾತನ್ನು ಈ ವೇದಿಕೆಯಿಂದ ಯಾರೂ ಆಡಕೂಡದು.

ಬೆಲೆ ಇಳಿದದ್ದು ಎಲ್ಲಿ?

ಆದರೆ ಸ್ವಾತಂತ್ರ್ಯವಿದೆ ಎಂದ ಮಾತ್ರಕ್ಕೆ ಲೆಕ್ಕ ಕೇಳುವುದನ್ನು ಬಿಡಬಾರದು. ಮುನ್ನೂರು ರೂಪಾಯಿಯ ಆ ಕುರ್ತಾವನ್ನು ಬಿಡಿಸಿ ನೋಡೋಣ. ಅದರೊಳಗೆ ನೂಲಿನ ಬೆಲೆ ಇದೆ, ನೇಯ್ಗೆ ಇದೆ, ಬಣ್ಣ ಹಾಕಿದ್ದು ಇದೆ, ಕತ್ತರಿಸಿ ಹೊಲಿದ ಕೂಲಿ ಇದೆ. ಶೇಕಡಾ 5 ಜಿ.ಎಸ್.ಟಿ. ಇದೆ. ಸಾವಿರ ಮೈಲಿ ಹೊತ್ತು ತಂದ ಲಾರಿಯ ಬಾಡಿಗೆ ಇದೆ. ಮನೆಗೆ ತಂದುಕೊಟ್ಟ ಹುಡುಗನ ಕೂಲಿ ಇದೆ. ಮಾರಿದವನ ಲಾಭ ಇದೆ, ಫೋನಿನ ಕಂಪನಿಯ ಪಾಲೂ ಇದೆ. ಇಷ್ಟು ಜನ ತಿಂದ ಮೇಲೂ ಮುನ್ನೂರೇ ಆಗಬೇಕಾದರೆ, ಯಾರೋ ಒಬ್ಬರ ತುತ್ತು ಸಣ್ಣದಾಗಿರಲೇಬೇಕು.

ತೊಗರಿ ಬೆಳೆಯುವ ನಾಡಿನವರಾದ ನಿಮಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ಪೇಟೆಯಲ್ಲಿ ಬೇಳೆ ಅಗ್ಗವಾದಾಗ ಮಿಲ್ಲಿನ ಮಾಲೀಕನ ಲಾಭವೂ ಕಡಿಮೆಯಾಗುತ್ತದೆ, ದಲಾಲಿಯೂ ಕಡಿಮೆಯಾಗುತ್ತದೆ ಎಂದು ಇಲ್ಲಿ ಯಾರಾದರೂ ನಂಬುತ್ತೀರಾ? ಕಡಿಮೆಯಾಗುವುದು ರೈತನ ಪಾಲು, ಚೀಲ ಹೊರುವ ಹಮಾಲನ ಪಾಲು. ಬಟ್ಟೆಯ ನ್ಯಾಯವೂ ಇದೇ.

ಈ ಅಗ್ಗದ ಬಟ್ಟೆಯಲ್ಲಿ ಬಹುಪಾಲು ಪಾಲಿಯೆಸ್ಟರು. ಅದು ಕಲ್ಲೆಣ್ಣೆಯಿಂದ ಬಂದ ನೂಲು. ಇಂಥ ಬಟ್ಟೆಗೆ ದೇಶದಲ್ಲಿ ದೊಡ್ಡ ಕೇಂದ್ರ ಗುಜರಾತಿನ ಸೂರತ್. ಅಲ್ಲಿಯ ವಿದ್ಯುತ್ ಮಗ್ಗಗಳ ಮುಂದೆ ಹನ್ನೆರಡು ತಾಸಿನ ಪಾಳಿಯಲ್ಲಿ ನಿಲ್ಲುವವರಲ್ಲಿ ಒಡಿಶಾದ ಗಂಜಾಂ ಜಿಲ್ಲೆಯಿಂದ ಗುಳೆ ಹೋದವರೇ ಬಹಳ. ಮುಂಬಯಿ, ಪುಣೆ, ಹೈದರಾಬಾದಿಗೆ ಗುಳೆ ಹೋಗುವ ನಮ್ಮ ಜನರ ಅಣ್ಣತಮ್ಮಂದಿರು ಅವರು. ಹೊಲಿಗೆಯದು ಎಷ್ಟೋ ಕಡೆ ನಗಕ್ಕಿಷ್ಟು ಎಂಬ ಕೂಲಿ. ಮನೆಯಲ್ಲಿ ಕುಳಿತು ಹೊಲಿಯುವ ಹೆಂಗಸಿಗೆ ಹಾಜರಿ ಪುಸ್ತಕವಿಲ್ಲ, ಪ್ರಾವಿಡೆಂಟ್ ಫಂಡಿಲ್ಲ.

ಇನ್ನು ಕಂಪನಿಗಳ ಕ್ರಮವನ್ನು ನೋಡಿ. ಫ್ಲಿಪ್‌ಕಾರ್ಟ್ ಮತ್ತು ಮಿಂತ್ರಾ 2007ರಲ್ಲಿ, ಮೀಶೋ 2015ರಲ್ಲಿ ಹುಟ್ಟಿದವು. ಮೂರೂ ನಮ್ಮ ಬೆಂಗಳೂರಿನವೇ. 2014ರಲ್ಲಿ ಮಿಂತ್ರಾವನ್ನು ಫ್ಲಿಪ್‌ಕಾರ್ಟ್ ಕೊಂಡಿತು. 2018ರಲ್ಲಿ ಫ್ಲಿಪ್‌ಕಾರ್ಟಿನ ಹೆಚ್ಚಿನ ಪಾಲನ್ನು ಅಮೆರಿಕದ ವಾಲ್‌ಮಾರ್ಟ್ ಸುಮಾರು 1,600 ಕೋಟಿ ಡಾಲರಿಗೆ ಕೊಂಡಿತು. ಅಜಿಯೋ ರಿಲಯನ್ಸಿನದು. ಮೀಶೋ 2021ರಲ್ಲಿ ಮಾರಾಟಗಾರರಿಂದ ಕಮಿಷನ್ ತೆಗೆದುಕೊಳ್ಳುವುದನ್ನು ಬಿಟ್ಟಿತು. ಧರ್ಮಕ್ಕೆ ಬಿಟ್ಟದ್ದಲ್ಲ. ತನ್ನ ಮಾಲು ಪರದೆಯ ಮೇಲೆ ಮುಂದೆ ಕಾಣಬೇಕಾದರೆ ಮಾರಾಟಗಾರ ಜಾಹೀರಾತಿನ ಹಣ ಕೊಡಬೇಕು. ಸಾಗಾಟದಲ್ಲೂ ಕಂಪನಿಗೆ ಆದಾಯವಿದೆ. ಸಂತೆಯಲ್ಲಿ ಜಾಗದ ಬಾಡಿಗೆ ಇಲ್ಲವೆಂದು ಹೇಳಿ, ಮುಂದಿನ ಸಾಲಿನಲ್ಲಿ ಕೂರಲು ಹಣ ಕೇಳಿದಂತೆ.

‘ಯಾರ ಪೈಕಿ’ ಎಂದು ಫೋನು ಕೇಳುವುದಿಲ್ಲ ಎಂದಳಲ್ಲ ನಮ್ಮ ಹುಡುಗಿ? ಅದು ನಿಜ. ಆದರೆ ಬೇರೆಯದನ್ನೆಲ್ಲ ಅದು ಕೇಳದೆಯೇ ಬರೆದುಕೊಳ್ಳುತ್ತದೆ. ಯಾವ ಕುರ್ತಾದ ಮೇಲೆ ಎಷ್ಟು ಹೊತ್ತು ಕಣ್ಣಿಟ್ಟೆ, ಯಾವುದನ್ನು ಆರಿಸಿ ಬಿಟ್ಟೆ, ಎಷ್ಟು ಬೆಲೆಗೆ ಮನಸ್ಸು ಕರಗಿತು, ಎಲ್ಲವೂ ಲೆಕ್ಕದಲ್ಲಿರುತ್ತದೆ. ಹೆಚ್ಚು ಜನ ನೋಡಿದ ನಮೂನೆ ಮರುವಾರ ರಾಶಿಯಾಗಿ ಹೊಲಿಸಲ್ಪಡುತ್ತದೆ. ತಿಂಗಳು ಕಳೆಯುವಷ್ಟರಲ್ಲಿ ಅದು ಹಳತಾಯಿತೆಂದು ಹೇಳಿ ಮತ್ತೊಂದನ್ನು ತೋರಿಸುತ್ತಾರೆ. 1,999 ಎಂದು ಬರೆದು ಗೀಟು ಹಾಕಿ, ಪಕ್ಕದಲ್ಲಿ 299 ಎಂದು ಬರೆಯುತ್ತಾರೆ. ‘ಎರಡೇ ಉಳಿದಿವೆ, ಹತ್ತು ನಿಮಿಷದಲ್ಲಿ ಮುಗಿಯುತ್ತದೆ’ ಎಂದು ಗಡಿಯಾರ ಓಡಿಸುತ್ತಾರೆ. ಇಂಥ ಸುಳ್ಳು ಅವಸರವನ್ನೂ, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದನ್ನೂ ಕೇಂದ್ರ ಸರಕಾರವೇ 2023ರ ನವೆಂಬರಿನ ತನ್ನ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ. ನಿಷೇಧ ಕಾಗದದ ಮೇಲಿದೆ. ಅದನ್ನು ಪರದೆಯ ಮೇಲೆ ತರಿಸುವುದು ಜನರ ಕೆಲಸ.

ವರ್ತಕ ಬಂಧುಗಳಿಗೆ

ಈಗ ಅಂಗಡಿಕಾರ ಬಂಧುಗಳೊಡನೆ ಎರಡು ಮಾತು. ನಮ್ಮ ಪತ್ರಿಕೆಯನ್ನು ಓದುವವರಲ್ಲಿ ನೀವೂ ಬಹಳ ಜನರಿದ್ದೀರಿ. ಆದ್ದರಿಂದ ಮುಖಸ್ತುತಿ ಮಾಡದೆ ಹೇಳುತ್ತೇನೆ. ನಿಮ್ಮ ಸಂಕಟ ನಿಜವಾದದ್ದು. ಕೋಟ್ಯಂತರ ರೂಪಾಯಿಯ ನಷ್ಟವನ್ನು ವರ್ಷಗಟ್ಟಲೆ ತಡೆದುಕೊಳ್ಳಬಲ್ಲ ಬಂಡವಾಳದ ಎದುರಿಗೆ, ಸಾಲ ತಂದು ಕಪಾಟು ತುಂಬಿಸಿದ ನೀವು ನಿಲ್ಲುವುದು ಸಮಾನರ ಸ್ಪರ್ಧೆಯಲ್ಲ. ವಿದೇಶಿ ಬಂಡವಾಳದ ಕಂಪನಿಗಳು ಬರಿಯ ಸಂತೆ ನಡೆಸಬೇಕು, ತಾವೇ ಮಾಲು ಇಟ್ಟು ಮಾರಬಾರದು, ತಮ್ಮ ಪಾಲಿರುವ ಸಂಸ್ಥೆಗಳಿಂದ ಮಾರಿಸಬಾರದು ಎಂಬ ನಿಯಮ 2019ರ ಫೆಬ್ರವರಿಯಿಂದ ಬಿಗಿಯಾಗಿದೆ. ಅದು ಅಕ್ಷರಶಃ ನಡೆಯಬೇಕೆಂದು ಕೇಳಲು ನಿಮ್ಮೊಡನೆ ನಾವಿದ್ದೇವೆ.

ಆದರೆ ‘ನಮ್ಮೂರಿನ ಮಾಲು ಕೊಳ್ಳಿರಿ’ ಎಂದು ನೀವು ಹೇಳುವಾಗ ನಿಮ್ಮ ಕಪಾಟಿನ ಕಡೆಗೂ ಒಮ್ಮೆ ನೋಡಿಕೊಳ್ಳಿ. ಅಲ್ಲಿರುವುದೂ ಬಹುಪಾಲು ಸೂರತ್ತಿನ ಮಾಲೇ. ಇಳಕಲ್ಲ ನೇಕಾರನನ್ನು ಕೈಬಿಟ್ಟದ್ದು ಫೋನು ಒಂದೇ ಅಲ್ಲ, ಅದಕ್ಕಿಂತ ಎಷ್ಟೋ ಮುಂಚೆ ನಾವೆಲ್ಲರೂ ಕೂಡಿ ಕೈಬಿಟ್ಟೆವು. ಕಲಬುರಗಿಯಲ್ಲಿ ನಿಜಾಮರ ಕಾಲದ ಮೆಹಬೂಬ್ ಶಾಹಿ ಮಿಲ್ಲು ನೂಲು ತೆಗೆದು ಬಟ್ಟೆ ನೇಯುತ್ತಿತ್ತು. ಅದು ಮುಚ್ಚಿ ದಶಕಗಳಾದವು. ಈಗ ಎಂ.ಎಸ್.ಕೆ. ಮಿಲ್ ಎಂದರೆ ಹುಡುಗರಿಗೆ ಅದೊಂದು ಬಡಾವಣೆಯ ಹೆಸರು ಮಾತ್ರ.

ಇದಕ್ಕಿಂತ ಕಟುವಾದ ಮಾತು ಆ ಹುಡುಗಿಯದು. ಅವಳು ನಿಮ್ಮನ್ನು ಬಿಟ್ಟು ಹೋದದ್ದು ಹತ್ತಿಪ್ಪತ್ತು ರೂಪಾಯಿಯ ಆಸೆಗಲ್ಲ. ಸೀರೆ ಬಿಚ್ಚುವ ಮುಂಚೆ ಜಾತಿ ಕೇಳುವುದು, ಮೈಮೇಲಿನ ಬಟ್ಟೆ ನೋಡಿ ‘ಅದು ನಿಮಗ ಆಗಂಗಿಲ್ಲ, ಬಾಳ ತುಟ್ಟಿ’ ಎನ್ನುವುದು, ಬೆಲೆಯ ಚೀಟಿ ಹಚ್ಚದೆ ಮುಖ ನೋಡಿ ಬೆಲೆ ಹೇಳುವುದು, ನಾಲ್ಕು ತೆಗೆಸಿ ಒಂದೂ ಕೊಳ್ಳದಿದ್ದರೆ ಗೊಣಗುವುದು, ಅಳತೆಯಾಗದ್ದನ್ನು ಮರಳಿ ತಂದರೆ ‘ಮಾರಿದ ಮಾಲು ವಾಪಸಿಲ್ಲ’ ಎಂಬ ಹಲಗೆ ತೋರಿಸುವುದು. ಇವೆಲ್ಲವೂ ಎಲ್ಲರ ಅಂಗಡಿಯಲ್ಲೂ ನಡೆಯುತ್ತವೆಂದು ನಾನು ಹೇಳುವುದಿಲ್ಲ. ಹಬ್ಬಕ್ಕೆ ಉದ್ರಿ ಕೊಟ್ಟು, ತೊಗರಿ ಬರುವವರೆಗೆ ತಾಳಿಕೊಂಡ ಸಜ್ಜನ ವರ್ತಕರನ್ನು ನಾನು ಬಲ್ಲೆ. ಆ ಉಪಕಾರವನ್ನು ಯಾವ ಫೋನೂ ಮಾಡಲಾರದು. ಆದರೆ ಅವಮಾನ ನಡೆಯುವ ಅಂಗಡಿಯೂ ಉಂಟು. ಅದನ್ನು ಉಳಿಸಿರೆಂದು ಅವಮಾನಪಟ್ಟವಳ ಮುಂದೆ ನಿಂತು ಕೇಳಲು ನನಗೆ ನಾಲಿಗೆ ಬಾರದು.

ಆದಕಾರಣ ವರ್ತಕರು ತಾವಾಗಿ ಮಾಡಬಹುದಾದದ್ದನ್ನು ಹೇಳುತ್ತೇನೆ. ಪ್ರತಿಯೊಂದು ಬಟ್ಟೆಗೂ ಬೆಲೆಯ ಚೀಟಿ ಹಚ್ಚಿರಿ. ಹೆಂಗಸರು ಹಾಕಿ ನೋಡಲು ಪರದೆ ಕಟ್ಟಿದ ಒಂದು ಮೂಲೆ ಮಾಡಿರಿ. ಏಳು ದಿನದೊಳಗೆ ಬದಲಿಸಿ ಕೊಡಿರಿ. ಎದುರಿಗೆ ಒಬ್ಬ ಹೆಣ್ಣುಮಗಳನ್ನು ಕೆಲಸಕ್ಕಿಟ್ಟು ಸರಿಯಾದ ಪಗಾರ ಕೊಡಿರಿ. ಊರಿನ ಹೊಲಿಗೆಯವಳೊಂದಿಗೆ ಮಾತಾಡಿ, ಕೊಂಡ ಬಟ್ಟೆಯನ್ನು ಅಲ್ಲಿಯೇ ಅಳತೆಗೆ ಸರಿಪಡಿಸಿ ಕೊಡಿಸಿರಿ. ಹತ್ತು ಜನ ಸೇರಿ ಸಗಟು ಖರೀದಿ ಮಾಡಿದರೆ ಒಬ್ಬೊಬ್ಬರೇ ಹೋದಾಗ ಸಿಗದ ಬೆಲೆ ಸಿಗುತ್ತದೆ. ಅದಕ್ಕೆ 1959ರ ಸಹಕಾರ ಸಂಘಗಳ ಕಾಯಿದೆ ಇದೆ, 1997ರ ಸೌಹಾರ್ದ ಕಾಯಿದೆಯೂ ಇದೆ. ನೀವೇ ಫೋನಿನ ಸಂತೆಯಲ್ಲಿ ಮಾರಬೇಕೆಂದರೆ, 2023ರ ಅಕ್ಟೋಬರಿನಿಂದ ಜಿ.ಎಸ್.ಟಿ. ನೋಂದಣಿಯ ಮಿತಿಯೊಳಗಿರುವ ಸಣ್ಣ ವರ್ತಕರು ನೋಂದಣಿ ಇಲ್ಲದೆಯೂ ನಮ್ಮ ರಾಜ್ಯದೊಳಗೆ ಹಾಗೆ ಮಾರಬಹುದು.

ನಾಳೆ ಹೊಲಿಯುವವರು ಯಾರು?

ತಾಯಂದಿರೆ, ಈಗ ನಿಮ್ಮ ಮನೆಯ ಬಾಗಿಲಿಗೆ ಬರುವ ಸಂಗತಿಯನ್ನು ಹೇಳುತ್ತೇನೆ. 2023ರ ಮಾರ್ಚಿನಲ್ಲಿ ಕೇಂದ್ರ ಸರಕಾರ ದೇಶದ ಏಳು ಕಡೆ ದೊಡ್ಡ ಜವಳಿ ಪಾರ್ಕುಗಳನ್ನು ಘೋಷಿಸಿತು. ಅವುಗಳಲ್ಲೊಂದು ನಮ್ಮ ಕಲಬುರಗಿಯದು. ಸುಮಾರು ಸಾವಿರ ಎಕರೆಯ ಯೋಜನೆ. ಒಂದು ಪಾರ್ಕಿನಿಂದ ಲಕ್ಷ ಜನರಿಗೆ ನೇರವಾಗಿ ಕೆಲಸ ಸಿಗುವುದೆಂದು ಸರಕಾರದ ಮಾತು. ಅದು ಪೂರ್ಣವಾದ ದಿನ ಹೊಲಿಗೆ ಯಂತ್ರದ ಮುಂದೆ ಕೂರುವವರು ಯಾರು? ತೆಂಗಳಿಯ, ಚಿಂಚೋಳಿಯ, ಸೇಡಂ ಕಡೆಯ ನಮ್ಮ ಹೆಣ್ಣುಮಕ್ಕಳೇ. ಇಂದು ಮುನ್ನೂರಕ್ಕೆ ಕುರ್ತಾ ಸಿಕ್ಕಿತೆಂದು ಹಿಗ್ಗುವ ಹುಡುಗಿ, ನಾಳೆ ಅದೇ ಕುರ್ತಾವನ್ನು ಹೊಲಿಯಲು ಕೂತಾಗ, ಆ ಮುನ್ನೂರರಲ್ಲಿ ತನ್ನ ಪಾಲೆಷ್ಟು ಎಂದು ಎಣಿಸಬೇಕಾಗುತ್ತದೆ.

ಅಗ್ಗದ ಬಟ್ಟೆಯ ಹಟಕ್ಕೆ ಜೀವ ತೆತ್ತವರ ಕತೆಯೂ ಉಂಟು. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಢಾಕಾ ಬಳಿ ರಾಣಾ ಪ್ಲಾಜಾ ಎಂಬ ಕಟ್ಟಡ ಕುಸಿಯಿತು. ಅದರಲ್ಲಿ ಯೂರೋಪು ಅಮೆರಿಕಗಳಿಗೆ ಬಟ್ಟೆ ಹೊಲಿಯುವ ಕಾರ್ಖಾನೆಗಳಿದ್ದವು. ಗೋಡೆ ಬಿರುಕು ಬಿಟ್ಟದ್ದನ್ನು ಹಿಂದಿನ ದಿನವೇ ಎಲ್ಲರೂ ನೋಡಿದ್ದರು. ಆದರೂ ಮರುದಿನ ಕೆಲಸಗಾರರನ್ನು ಒಳಗೆ ಕಳಿಸಿದರು. 1,100ಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಹೆಂಗಸರು.

ಹಾಗೆಂದು ಹೆದರಿ ಕೂರಬೇಕಾಗಿಲ್ಲ. 2016ರಲ್ಲಿ ಪ್ರಾವಿಡೆಂಟ್ ಫಂಡಿನಲ್ಲಿ ಮಾಲೀಕನ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯಕೂಡದೆಂದು ಕೇಂದ್ರ ಸರಕಾರ ನಿಯಮ ಮಾಡಿತು. ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳ ಹೆಂಗಸರು ಸಾವಿರ ಸಾವಿರವಾಗಿ ರಸ್ತೆಗಿಳಿದರು. ಹೊಸೂರು ರಸ್ತೆ ನಿಂತುಹೋಯಿತು. ದೊಡ್ಡ ನಾಯಕರಾರೂ ಅವರನ್ನು ಕರೆತಂದಿರಲಿಲ್ಲ. 19ರ ಸಂಜೆಯೊಳಗೆ ಸರಕಾರ ಆ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ದೇಶದ ಉದ್ದಗಲದ ಕಾರ್ಮಿಕರಿಗೆ ಅದರ ಫಲ ದೊರೆಯಿತು. ಸಿಮೆಂಟಿನ ಧೂಳು ಕುಡಿಯುವ ವಾಡಿಯ ಕಾರ್ಮಿಕನಿಗೂ ದೊರೆಯಿತು. ತಮ್ಮ ಹಣವನ್ನು ಉಳಿಸಿಕೊಟ್ಟವರು ಹೊಲಿಗೆಯ ಹೆಣ್ಣುಮಕ್ಕಳೆಂಬುದನ್ನು ಕಾರ್ಖಾನೆಯ ಗಂಡಸರು ನೆನಪಿಟ್ಟುಕೊಳ್ಳಬೇಕು.

ಪಾರ್ಸಲ್ ತರುವ ಹುಡುಗನನ್ನೂ ಮರೆಯಬಾರದು. ಬೈಕು ಅವನದು, ಪೆಟ್ರೋಲು ಅವನದು, ಬಿದ್ದರೆ ಮೂಳೆಯೂ ಅವನದು. ಚೀಲಕ್ಕಿಷ್ಟು ಎಂದು ಅವನ ಕೂಲಿ. 2025ರಲ್ಲಿ ನಮ್ಮ ರಾಜ್ಯ ಇಂಥ ಗಿಗ್ ಕಾರ್ಮಿಕರಿಗಾಗಿ ಸಾಮಾಜಿಕ ಭದ್ರತೆಯ ಕಾಯಿದೆ ಮಾಡಿದೆ. ಕಾರ್ಮಿಕನಿಗೆ ಕೊಡುವ ಹಣದ ಶೇಕಡಾ 1ರಿಂದ 5ರವರೆಗೆ ಕಂಪನಿ ಕಲ್ಯಾಣ ನಿಧಿಗೆ ಕಟ್ಟಬೇಕು. ನಿಮ್ಮ ಓಣಿಗೆ ಬರುವ ಹುಡುಗನಿಗೆ ನೀರು ಕೊಟ್ಟು, ಹೆಸರು ನೋಂದಾಯಿಸಿಕೊಂಡೆಯಾ ತಮ್ಮಾ ಎಂದು ಕೇಳಿರಿ.

ನಾವು ಮಾಡಬೇಕಾದದ್ದು

ಕೊಳ್ಳಬೇಡಿರಿ ಎಂದು ನಾನು ಹೇಳುವುದಿಲ್ಲ. ಕೊಳ್ಳುವಾಗ ಕಣ್ಣು ತೆರೆದು ಕೊಳ್ಳಿರಿ. ಬಟ್ಟೆ ಯಾವ ನೂಲಿನದೆಂದು ಓದಿರಿ. ಮೈಯ ಅಳತೆಯನ್ನು ಟೇಪಿನಿಂದ ತೆಗೆದು ಅವರ ಪಟ್ಟಿಯೊಂದಿಗೆ ಹೋಲಿಸಿರಿ, ‘ಎಂ’ ‘ಎಲ್’ ಅಕ್ಷರಗಳನ್ನು ನಂಬಬೇಡಿರಿ. ಪಾರ್ಸಲ್ ಒಡೆಯುವಾಗ ಫೋನಿನಲ್ಲಿ ಚಿತ್ರ ತೆಗೆದಿಡಿರಿ. ಮಾರಿದವನ ಹೆಸರು, ವಿಳಾಸ, ಮಾಲು ತಯಾರಾದ ದೇಶ, ಮರಳಿಸುವ ಷರತ್ತು ಇವಿಷ್ಟನ್ನೂ ತೋರಿಸಬೇಕೆಂದು 2020ರ ನಿಯಮವಿದೆ. ದೂರು ಕೊಟ್ಟರೆ 48 ತಾಸಿನಲ್ಲಿ ಮುಟ್ಟಿತೆಂದು ತಿಳಿಸಬೇಕು, ತಿಂಗಳೊಳಗೆ ಪರಿಹಾರ ಮಾಡಬೇಕು. ಮಾಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿರಿ. ಕಲಬುರಗಿಯ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ಐದು ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕವಿಲ್ಲ, ಮಾರಿದವನ ಊರಿಗೆ ಅಲೆಯಬೇಕಾಗಿಯೂ ಇಲ್ಲ.

ನನ್ನ ಪರಿಚಯದ ಒಬ್ಬ ತಾಯಿ ಫೋನಿನಲ್ಲಿ ಯಾರೋ ತೋರಿಸಿದ ರೇಷ್ಮೆಯ ಸೀರೆಗೆ ಮುಂಗಡ ಹಣ ಕಳಿಸಿದರು. ಸೀರೆ ಬರಲಿಲ್ಲ. ‘ಹಣ ವಾಪಸು ಕೊಡುತ್ತೇವೆ, ಪಿನ್ ಹಾಕಿ’ ಎಂದವನನ್ನು ನಂಬಿ ಉಳಿದದ್ದನ್ನೂ ಕಳೆದುಕೊಂಡರು. ಹಣ ಪಡೆಯಲು ಪಿನ್ ಬೇಕಿಲ್ಲ, ಕೊಡಲು ಮಾತ್ರ ಬೇಕು. ಇದನ್ನು ಮನೆಮನೆಗೂ ಹೇಳಿರಿ. ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಿರಿ. ನಾಚಿಕೊಂಡು ಮುಚ್ಚಿಟ್ಟರೆ ಕಳ್ಳನಿಗೇ ಲಾಭ.

ಕೊನೆಯದಾಗಿ ನಮ್ಮ ಬೇಡಿಕೆ. ಡಾ. ರಾಮಮನೋಹರ ಲೋಹಿಯಾ ಕಾರ್ಖಾನೆಯ ಸರಕಿನ ಬೆಲೆ ಅದರ ತಯಾರಿಕೆಯ ಖರ್ಚಿನ ಒಂದೂವರೆ ಪಟ್ಟನ್ನು ಮೀರಬಾರದೆಂದು ಹೇಳುತ್ತ ಬಂದರು. ಅಂದು ಬೆಲೆ ಬಹಳ ಹೆಚ್ಚೆಂಬ ದೂರು ಇತ್ತು. ಇಂದು ಈ ಕುರ್ತಾದ ಬೆಲೆ ಬಹಳ ಕಡಿಮೆ ಎಂದು ಸಂಶಯಪಡಬೇಕಾಗಿ ಬಂದಿದೆ. ಆದರೆ ಎರಡಕ್ಕೂ ಮದ್ದು ಒಂದೇ. ತಯಾರಿಕೆಯ ಖರ್ಚು ಬಹಿರಂಗವಾಗಬೇಕು. ಬೆಲೆಯ ಚೀಟಿಯ ಮೇಲೆ ಹೊಲಿದವಳ ಕೂಲಿಯನ್ನೂ ಬರೆಯಲಿ. ಆಗ ಇಪ್ಪತ್ತು ರೂಪಾಯಿ ಹೆಚ್ಚು ಕೊಡಬೇಕೋ ಬೇಡವೋ ಎಂಬುದನ್ನು ನಮ್ಮ ಹೆಣ್ಣುಮಗಳೇ ನಿರ್ಧರಿಸಲಿ. ಕಲಬುರಗಿಯ ಜವಳಿ ಪಾರ್ಕಿನಲ್ಲಿ ಮೊದಲ ಯಂತ್ರ ತಿರುಗುವ ಮುಂಚೆಯೇ ಕೂಲಿ, ಬಸ್ಸು, ಕೂಸುಗಳ ಪಾಲನಾಗೃಹ, ಸಂಘ ಕಟ್ಟುವ ಹಕ್ಕು ಇವು ಬರಹದಲ್ಲಿ ಖಚಿತವಾಗಬೇಕು. ಇನ್ನೊಂದು ಬೇಡಿಕೆ ನಮ್ಮ ನಮ್ಮಲ್ಲೇ. ಈ ಸುತ್ತಿನ ಯಾವ ಅಂಗಡಿಯಲ್ಲೂ ಗಿರಾಕಿಗೆ ‘ಯಾರ ಪೈಕಿ’ ಎಂದು ಕೇಳಕೂಡದು. ವರ್ತಕ ಬಂಧುಗಳು ಇಂದೇ ಈ ಸಭೆಯಲ್ಲಿ ಕೈಯೆತ್ತಿ ಇದನ್ನು ಒಪ್ಪಬೇಕೆಂದು ವಿನಂತಿಸುತ್ತೇನೆ.

ಆ ಹುಡುಗಿ ಇಲ್ಲಿಯೇ ಕೂತಿದ್ದಾಳೆ. ಅವಳು ಮುಂದಿನ ಪಂಚಮಿಗೆ ಪೇಟೆಯ ಅಂಗಡಿಗೆ ಹೋಗಿ ನೋಡಿ ಬಂದು, ಏನು ಕೇಳಿದರೆಂಬುದನ್ನು ನಮಗೆ ಹೇಳಲಿ. ಅದನ್ನೂ ಈ ಪತ್ರಿಕೆಯಲ್ಲಿ ಅಚ್ಚು ಮಾಡೋಣ.